ಮನೆಯ ಗುರುತಿಲ್ಲದ ಕುಲನಾಮ: ಒಂದು ಐರಿಷ್ ವಂಶಪಟದ ವಿಮರ್ಶೆ

ನಮ್ಮ ಮಗಳು ಐರ್ಲೆಂಡಿನ ಕಾರ್ಕ್ ನಗರದ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿ ಪರಿಚಯವಾದ, ಓ’ಸಲಿವನ್ ಮನೆತನದ ಹುಡುಗನೊಂದಿಗೆ ಅವಳ ಮದುವೆ ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮ ಮನೆಯ ಅಂಗಳದಲ್ಲೇ ಚಪ್ಪರ ಹಾಕಿ ನಡೆಯಿತು. ಅಷ್ಟು ದೂರದಿಂದ ಬರುವ ಬೀಗರಿಗೆ ಸೀರೆ, ಪಂಚೆ, ಹಿತ್ತಾಳೆಯ ದೀಪಗಳಲ್ಲದೆ ಅವರದೇ ಮನೆತನಕ್ಕೆ ಸಂಬಂಧಪಟ್ಟ ಏನನ್ನಾದರೂ ಕೊಡಬೇಕೆಂಬ ಆಸೆಯಿಂದ ಹುಡುಕುತ್ತಿದ್ದಾಗ, ಕುಲನಾಮಗಳ ಚರಿತ್ರೆಯನ್ನು ದಪ್ಪ ಕಾಗದದಲ್ಲಿ ಮುದ್ರಿಸಿ, ಮೇಲೊಂದು ಲಾಂಛನವಿಟ್ಟು, ಚೌಕಟ್ಟು ಹಾಕಿ ಕಳುಹಿಸಿಕೊಡುವ ವಿದೇಶದ ಆನ್‌ಲೈನ್ ಅಂಗಡಿಯೊಂದು ಕಣ್ಣಿಗೆ ಬಿತ್ತು. ಆ ಅಂಗಡಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇದೇ ಬಗೆಯ ಪಟಗಳನ್ನು ಬೇರೆಯವರೂ ಮಾರುತ್ತಾರೆ. ನಾನು ಹೇಳಬೇಕಾದದ್ದು ಈ ಬಗೆಯ ಸರಕಿನ ಕುರಿತು, ಮತ್ತು ಅದೇ ಕೆಲಸವನ್ನು ಹಣವಿಲ್ಲದೆ ಎಷ್ಟೋ ಪಾಲು ಚೆನ್ನಾಗಿ ಮಾಡಿಕೊಡುವ ಐರ್ಲೆಂಡಿನ ಸಾರ್ವಜನಿಕ ದಾಖಲೆಗಳ ಕುರಿತು.

ಮೊದಲು ಕೈಗೆ ಬಂದ ವಸ್ತುವಿನ ಮಾತು. ಚೌಕಟ್ಟು, ಸಾಗಣೆ, ಸುಂಕ ಎಲ್ಲ ಸೇರಿ ಏಳು ಸಾವಿರ ರೂಪಾಯಿಯ ಹತ್ತಿರ ಆಯಿತು. ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ತಲುಪಿತು, ಗಾಜು ಒಡೆದಿರಲಿಲ್ಲ. ಕಾಗದ ಉತ್ತಮವಾದದ್ದು, ಮುದ್ರಣ ಸ್ಪಷ್ಟವಾದದ್ದು. ಒಂದು ಮಳೆಗಾಲ ನಮ್ಮ ಚಾವಡಿಯ ಗೋಡೆಯಲ್ಲಿದ್ದೂ ಅದಕ್ಕೆ ಬೂಸ್ಟು ಹಿಡಿಯಲಿಲ್ಲ. ಕರಾವಳಿಯ ಮನೆಗಳಲ್ಲಿ ಚೌಕಟ್ಟು ಹಾಕಿದ ಪಟಗಳ ಗತಿ ಏನಾಗುತ್ತದೆಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಈ ಒಂದು ಭಾಗಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ತೊಡಕಿರುವುದು ಅಕ್ಷರಗಳಲ್ಲಿ. ಪಟದಲ್ಲಿರುವ ಇಂಗ್ಲಿಷ್ ಬರಹ ಸುಮಾರು ನಾನೂರು ಪದಗಳದ್ದು. ‘ಓ’ಸಲಿವನ್ ಎಂದರೆ ಕಪ್ಪು ಕಣ್ಣಿನವನ ವಂಶ’ ಎಂದು ಅದು ಆರಂಭವಾಗುತ್ತದೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಾದ್ದರಿಂದ ಪದದ ಅರ್ಥವನ್ನು ಇಷ್ಟು ಸಲೀಸಾಗಿ ಹೇಳಿದ್ದನ್ನು ಕಂಡು ನನಗೆ ಮೂಲವನ್ನು ನೋಡಬೇಕೆನಿಸಿತು. ಐರಿಷ್ ಭಾಷೆಯಲ್ಲಿ ಈ ಹೆಸರಿನ ರೂಪ ‘ಓ ಸೂಲ್ಯವಾನ್’. ಅದರಲ್ಲಿ ‘ಸೂಲ್’ ಎಂದರೆ ಕಣ್ಣು ಎಂಬಷ್ಟರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿದೆ. ಉತ್ತರಾರ್ಧದ ಬಗ್ಗೆ ಇಲ್ಲ. ಕಪ್ಪು ಎಂಬ ಅರ್ಥದ ಪದ ಅಲ್ಲಿ ಅಡಗಿದೆ ಎನ್ನುವವರು ಕೆಲವರಾದರೆ, ಅದು ‘ಒಂದು’ ಎಂಬ ಅರ್ಥದ್ದು, ಆದ್ದರಿಂದ ಮೂಲಪುರುಷ ಒಕ್ಕಣ್ಣನಾಗಿದ್ದ ಎನ್ನುವವರು ಕೆಲವರು. ಕಪ್ಪು ಕಣ್ಣು ಗೋಡೆಗೆ ಚೆನ್ನಾಗಿ ಕಾಣುತ್ತದೆ, ಒಕ್ಕಣ್ಣು ಕಾಣುವುದಿಲ್ಲ. ಹಾಗಾಗಿ ಇನ್ನೊಂದು ಅಭಿಪ್ರಾಯವನ್ನು ಬರೆಯಲೇ ಇಲ್ಲ ಎಂದು ನನಗೆ ತೋರುತ್ತದೆ. ಹಣ ಕೊಟ್ಟು ಚರಿತ್ರೆ ಕೊಳ್ಳುವವನಿಗೆ ಎರಡೂ ಅಭಿಪ್ರಾಯಗಳು ಸಿಗಬೇಕಾಗಿತ್ತು.

‘ಓ’ ಎಂಬ ಮುಂಪದವನ್ನು ಪಟ ಒಂದೇ ವಾಕ್ಯದಲ್ಲಿ ಮುಗಿಸುತ್ತದೆ. ನಿಜವಾಗಿ ಇಡೀ ಚರಿತ್ರೆಯ ಬಾಗಿಲು ಇರುವುದು ಅಲ್ಲಿ. ‘ಮ್ಯಾಕ್’ ಎಂದರೆ ಮಗ, ‘ಓ’ ಎಂದರೆ ಮೊಮ್ಮಗ ಅಥವಾ ವಂಶಜ. ಸಾವಿರದೈನೂರು ವರ್ಷಗಳಿಗೂ ಹಿಂದೆ ಕಲ್ಲಿನ ಅಂಚಿನಲ್ಲಿ ಗೀರುಗಳಾಗಿ ಕೆತ್ತಿದ ಓಗಮ್ ಶಾಸನಗಳಲ್ಲಿ ‘ಮಕ್ವಿ’ ಎಂಬ ರೂಪ, ಅಂದರೆ ‘ಮಗನ’ ಎಂಬ ಷಷ್ಠೀ ವಿಭಕ್ತಿ, ಕಾಣಸಿಗುತ್ತದೆ. ಆಗ ಇವು ಕುಲನಾಮಗಳಲ್ಲ. ಇಂಥವನ ಮಗ ಇಂಥವನು ಎಂಬ ಗುರುತು ಮಾತ್ರ, ತಲೆಮಾರಿಗೊಮ್ಮೆ ಬದಲಾಗುವಂಥದ್ದು. ಹತ್ತನೆಯ ಶತಮಾನದ ಹೊತ್ತಿಗೆ ಅವು ಬದಲಾಗದೆ ನಿಂತು ವಂಶದ ಹೆಸರುಗಳಾದವು. 916ರ ಒಂದು ಮರಣದ ದಾಖಲೆಯಲ್ಲಿ ಓ’ಕ್ಲೀರಿ ಎಂಬ ಹೆಸರು ಬರುತ್ತದೆ, ಯುರೋಪಿನ ಅತ್ಯಂತ ಹಳೆಯ ಕುಲನಾಮಗಳ ಸಾಲಿನಲ್ಲಿ ಅದನ್ನು ಎಣಿಸುತ್ತಾರೆ. 1014ರಲ್ಲಿ ಕ್ಲಾಂಟಾರ್ಫ್ ಯುದ್ಧದಲ್ಲಿ ಮಡಿದ ಬ್ರಿಯನ್ ಬೋರು ಎಂಬ ರಾಜನ ಸಂತತಿಯವರು ಓ’ಬ್ರಿಯನ್ನರಾದರು.

ಇದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದದ್ದು ಹೆಣ್ಣುಮಕ್ಕಳ ಹೆಸರಿನ ವ್ಯವಸ್ಥೆ. ಐರಿಷ್ ಭಾಷೆಯಲ್ಲಿ ಮಗನಿಗೆ ‘ಓ’, ಮಗಳಿಗೆ ‘ನೀ’, ಮದುವೆಯಾಗಿ ಬಂದವಳಿಗೆ ‘ಈ’. ಮುಂಪದ ಬದಲಾದಾಗ ಮುಂದಿನ ಹೆಸರಿನ ಮೊದಲ ವ್ಯಂಜನವೂ ಬದಲಾಗಿ ‘ಓ ಸೂಲ್ಯವಾನ್’ ಹೋಗಿ ‘ನೀ ಹೂಲ್ಯವಾನ್’ ಆಗುತ್ತದೆ. ಮಳೆ, ಕಾಲ ಸೇರಿ ಮಳೆಗಾಲವಾಗುವ ಆದೇಶ ಸಂಧಿಯನ್ನು ಕಲಿತ ಯಾವ ಕನ್ನಡಿಗನಿಗೂ ಉತ್ತರಪದದ ಮೊದಲಕ್ಷರ ಹೀಗೆ ಮಾರ್ಪಡುವುದು ಅಪರಿಚಿತವೆನಿಸದು, ನಿಯಮ ಬೇರೆಯಾದರೂ. ಪಟದಲ್ಲಿ ಇದರ ಸುಳಿವೇ ಇಲ್ಲ. ಮದುವೆಯ ಉಡುಗೊರೆಯಾಗಿ ಮಾರುವ ವಸ್ತುವಿನಲ್ಲಿ ಸೊಸೆಯಾಗಿ ಬರುವವಳ ಹೆಸರು ಹೇಗಾಗುತ್ತದೆ ಎಂಬ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ. ತಾಯಿಯ ಕಡೆಯಿಂದ ಬಳಿಯನ್ನು, ಅಂದರೆ ಕುಲವನ್ನು, ಎಣಿಸುವ ತುಳು ಮನೆತನಗಳು ಸುತ್ತಲೂ ಇರುವ ನಮ್ಮ ಸೀಮೆಯಲ್ಲಿ ಹೆಣ್ಣಿನ ಕಡೆಯ ಹೆಸರು ಕೇಳದೆ ಸಂಬಂಧದ ಮಾತೇ ಮುಂದುವರಿಯುವುದಿಲ್ಲ.

ಲಾಂಛನದ ವಿಷಯದಲ್ಲಿ ಮಾತ್ರ ನಾನು ಕಟುವಾಗಿ ಬರೆಯಬೇಕಾಗಿದೆ. ಹಾವು ಸುತ್ತಿದ ಕತ್ತಿಯನ್ನು ಹಿಡಿದ ಕೈ, ಜಿಂಕೆ, ಕಾಡುಹಂದಿ ಇರುವ ಆ ಚಿತ್ರ ಅಂದವಾಗಿದೆ. ‘ಸ್ಥಿರವಾದ ಕೈಯೇ ಮೇಲು’ ಎಂಬರ್ಥದ ಐರಿಷ್ ಘೋಷವಾಕ್ಯವೂ ಅಡಿಯಲ್ಲಿದೆ. ಆದರೆ ‘ಈ ಕುಲನಾಮವುಳ್ಳ ಪ್ರತಿಯೊಬ್ಬರ ಲಾಂಛನ’ ಎಂದು ಕೆಳಗೆ ಬರೆದದ್ದು ಸರಿಯಲ್ಲ. ಲಾಂಛನವನ್ನು ಕೊಡುವುದು ಒಬ್ಬ ವ್ಯಕ್ತಿಗೆ. ಅದು ಅವನ ಸಂತತಿಗೆ ಹೋಗುತ್ತದೆಯೇ ಹೊರತು ಅದೇ ಹೆಸರಿನ ಎಲ್ಲರಿಗೂ ಅಲ್ಲ. ಐರ್ಲೆಂಡಿನಲ್ಲಿ ಈ ಕೆಲಸಕ್ಕೆ 1552ರಿಂದಲೂ ಅಧಿಕಾರಿಯೊಬ್ಬರಿದ್ದರು. 1943ರಲ್ಲಿ ಅದು ಐರಿಷ್ ಸರಕಾರದ ಕೈಗೆ ಬಂದಾಗ ಎಡ್ವರ್ಡ್ ಮ್ಯಾಕ್‌ಲೈಸಾಟ್ ಮೊದಲ ಚೀಫ್ ಹೆರಾಲ್ಡ್ ಆದರು, ಐರಿಷ್ ಕುಲನಾಮಗಳ ಅಧ್ಯಯನಕ್ಕೆ ಇಂದಿಗೂ ಅವರ ಕೆಲಸವೇ ಆಧಾರ. ಒಂದು ಮನೆತನದ ಮುಖ್ಯಸ್ಥನ ಲಾಂಛನವನ್ನು ಆ ಮನೆತನಕ್ಕೆ ಸೇರಿದವರು ಅಭಿಮಾನದಿಂದ ಗೋಡೆಗೆ ತೂಗುಹಾಕಿಕೊಳ್ಳಬಹುದೆಂಬುದನ್ನು ಅವರೂ ಒಪ್ಪಿದ್ದರು. ಆದರೆ ಅದಕ್ಕೆ ಮೊದಲು ನೀವು ಯಾವ ಶಾಖೆಯವರು ಎಂಬುದು ಗೊತ್ತಿರಬೇಕು. ಓ’ಸಲಿವನ್ನರಲ್ಲಿ ಓ’ಸಲಿವನ್ ಮೋರ್, ಓ’ಸಲಿವನ್ ಬೇರ ಎಂದು ಎರಡು ಮುಖ್ಯ ಶಾಖೆಗಳು, ಎರಡಕ್ಕೂ ಬೇರೆ ಬೇರೆ ಲಾಂಛನಗಳು. ನಾನು ಪಟಕ್ಕೆ ಹಣ ಕಟ್ಟಿದಾಗ ಯಾವ ಶಾಖೆ ಎಂದು ಅಂಗಡಿಯವರು ಕೇಳಲಿಲ್ಲ. ಪತ್ರ ಬರೆದು ವಿಚಾರಿಸಿದಾಗ, ಕೊಂಡದ್ದಕ್ಕೆ ಧನ್ಯವಾದ ಹೇಳುವ ಸಿದ್ಧ ಉತ್ತರವೊಂದು ಬಂತು.

ಈ ಕೊರತೆ ಏಕೆ ದೊಡ್ಡದೆಂದು ಕಾಸರಗೋಡಿನವರಿಗೆ ವಿವರಿಸುವುದು ಸುಲಭ. ಪೈ ಎಂಬ ಕುಲನಾಮದವರು ಕರಾವಳಿಯ ಉದ್ದಕ್ಕೂ ಇದ್ದಾರೆ. ಆದರೆ ಮಂಜೇಶ್ವರ ಗೋವಿಂದ ಪೈ ಎಂದರೆ ಒಬ್ಬರೇ. ರೈಗಳು ಸಾವಿರಾರು ಮಂದಿ. ಕಯ್ಯಾರ ಕಿಞ್ಞಣ್ಣ ರೈ ಎಂದರೆ ಒಬ್ಬರೇ. ಭಟ್ಟ, ಶೆಟ್ಟಿ, ನಾಯಕ್ ಎಂದಷ್ಟೇ ಹೇಳಿ ನಮ್ಮಲ್ಲಿ ಯಾರ ಮನೆಗೂ ದಾರಿ ಕೇಳಲಾಗದು. ಬೈಲು, ಮೂಲೆ, ಗುಡ್ಡೆ, ಪದವು ಎಂದು ಕೊನೆಯಾಗುವ ಆ ಜಾಗದ ಹೆಸರನ್ನು ಹೇಳಿದ ಮೇಲೆಯೇ ‘ಓ, ಅವರ ಮನೆಯೇ’ ಎಂಬ ಉತ್ತರ ಬರುವುದು. ಐರ್ಲೆಂಡಿನದೂ ಇದೇ ಸ್ಥಿತಿ. 1890ರ ಲೆಕ್ಕಾಚಾರದಲ್ಲಿ ಸಲಿವನ್ ಎಂಬುದು ಮರ್ಫಿ ಮತ್ತು ಕೆಲ್ಲಿ ಹೆಸರುಗಳ ನಂತರ ಮೂರನೆಯ ಸ್ಥಾನದಲ್ಲಿತ್ತು, ಆ ಹೆಸರಿನವರು ಸುಮಾರು 43,600 ಮಂದಿ ಎಂದು ಅಂದಾಜು ಮಾಡಿದ್ದರು. ಊರಿಗೆ ಊರೇ ಸಲಿವನ್ನರಾಗಿರುವ ಕಡೆ ತಂದೆಯ ಹೆಸರು, ಅಜ್ಜನ ಹೆಸರು, ಕೂದಲಿನ ಬಣ್ಣ ಇತ್ಯಾದಿಗಳನ್ನು ಸೇರಿಸಿ ಮನೆಗಳನ್ನು ಗುರುತಿಸುತ್ತಿದ್ದರು. ಇಷ್ಟು ಜನ ಹಂಚಿಕೊಂಡ ಹೆಸರಿನ ಸಾಮಾನ್ಯ ಚರಿತ್ರೆಯನ್ನು ಒಂದು ಮನೆಯ ಚರಿತ್ರೆ ಎಂದು ಮಾರುವುದು ಈ ಸರಕಿನ ಮೂಲದೋಷ. ಪಟದ ಕೊನೆಯಲ್ಲಿ ‘ಈ ಕುಟುಂಬದ ಪ್ರಸಿದ್ಧರು’ ಎಂದು ಬಾಸ್ಟನ್ನಿನ ಮುಷ್ಟಿಮಲ್ಲ ಜಾನ್ ಎಲ್. ಸಲಿವನ್, ಷಿಕಾಗೋದ ವಾಸ್ತುಶಿಲ್ಪಿ ಲೂಯಿ ಸಲಿವನ್ ಇವರನ್ನು ಸೇರಿಸಿದ್ದಾರೆ. ಹಾಗಾದರೆ ಊಟಿಯನ್ನು ಕಟ್ಟಿದ ಸಲಿವನ್ನನೂ ನಮ್ಮ ಬೀಗರ ಕಡೆಯವನೇ ಎಂದು ನನ್ನ ಹೆಂಡತಿ ಕೇಳಿದಳು. ಕೊಯಮತ್ತೂರಿನ ಕಲೆಕ್ಟರನಾಗಿದ್ದು 1822ರಲ್ಲಿ ಉದಕಮಂಡಲದಲ್ಲಿ ಕಲ್ಲಿನ ಮನೆ ಕಟ್ಟಿಸತೊಡಗಿದ ಜಾನ್ ಸಲಿವನ್ ಹುಟ್ಟಿದ್ದು ಲಂಡನ್ನಿನಲ್ಲಿ. ಹೆಸರೊಂದೇ ಆದ ಮಾತ್ರಕ್ಕೆ ಅವನನ್ನು ಸಂಬಂಧಿ ಎನ್ನಲಾಗದು.

ಪಟ ಬಿಟ್ಟುಬಿಟ್ಟ ಜಾಗಗಳ ಕಥೆಯಾದರೂ ಎಂಥದ್ದು! ಓ’ಸಲಿವನ್ನರು ಮೂಲದಲ್ಲಿ ಕಡಲತೀರದವರಲ್ಲ. ಮನ್ಸ್ಟರ್ ಪ್ರಾಂತದ ಒಳನಾಡಿನ ಟಿಪ್ಪರೇರಿಯ ಫಲವತ್ತಾದ ಬಯಲಿನಲ್ಲಿ, ನಾಕ್‌ಗ್ರಾಫನ್ ಎಂಬಲ್ಲಿ ಅವರ ನೆಲೆಯಿತ್ತು. ನಾರ್ಮನ್ನರು 1169ರಲ್ಲಿ ಐರ್ಲೆಂಡಿಗೆ ಬಂದಿಳಿದು, 1192ರಲ್ಲಿ ಅದೇ ನಾಕ್‌ಗ್ರಾಫನ್‌ನಲ್ಲಿ ಮಣ್ಣಿನ ದಿಬ್ಬದ ಕೋಟೆ ಎಬ್ಬಿಸಿದ ಮೇಲೆ, ಅವರು ನೈಋತ್ಯದ ಕಲ್ಲುಗುಡ್ಡಗಳ ಕಾರ್ಕ್ ಮತ್ತು ಕೆರಿ ಸೀಮೆಗಳಿಗೆ ಸರಿಯಬೇಕಾಯಿತು. ಮೋರ್ ಶಾಖೆ ಕೆನ್ಮೇರ್ ಬಳಿಯ ಡಂಕೆರನ್‌ನಲ್ಲಿ ನೆಲೆಸಿತು. ಬೇರ ಶಾಖೆ ಅಟ್ಲಾಂಟಿಕ್ ಸಾಗರಕ್ಕೆ ಚಾಚಿದ ಬೇರ ಪರ್ಯಾಯದ್ವೀಪದ ಡನ್‌ಬಾಯ್ ಕೋಟೆಯನ್ನು ಹಿಡಿದುಕೊಂಡಿತು. 1602ರ ಜೂನ್‌ನಲ್ಲಿ ಇಂಗ್ಲಿಷ್ ಸೈನ್ಯ ಡನ್‌ಬಾಯ್ ಕೋಟೆಯನ್ನು ಒಡೆದ ನಂತರ, ಆ ವರ್ಷದ ಕೊನೆಯ ದಿನ, ಡೊನಾಲ್ ಕ್ಯಾಮ್ ಓ’ಸಲಿವನ್ ಬೇರ ತನ್ನವರಾದ ಸುಮಾರು ಸಾವಿರ ಮಂದಿಯನ್ನು, ಹೆಂಗಸರು ಮಕ್ಕಳು ಸಹಿತ, ಕಟ್ಟಿಕೊಂಡು ಚಳಿಗಾಲದ ಮಧ್ಯದಲ್ಲಿ ಉತ್ತರದ ಲೀಟ್ರಿಮ್‌ಗೆ ಹೊರಟ. ಎರಡು ವಾರಗಳ ಆ ನಡಿಗೆಯ ಕೊನೆಯಲ್ಲಿ ಅಲ್ಲಿನ ಓ’ರೂರ್ಕ ಮನೆತನದ ಕೋಟೆಯ ಬಾಗಿಲನ್ನು ತಲುಪಿದವರು 35 ಮಂದಿ. ಡೊನಾಲ್ ಕ್ಯಾಮ್ ಮುಂದೆ ಸ್ಪೇನಿಗೆ ಹೋಗಿ 1618ರಲ್ಲಿ ಮ್ಯಾಡ್ರಿಡ್‌ನಲ್ಲಿ ಕೊಲೆಯಾದ. ನಮ್ಮ ಅಳಿಯನ ಹಿರಿಯರು ಬೇರದವರು. ಈ ನಡಿಗೆಯ ಕಥೆಯನ್ನು ಬೀಗರು ನಮ್ಮ ಚಾವಡಿಯಲ್ಲಿ ಕುಳಿತು ಹೇಳಿದರೇ ಹೊರತು ಪಟದಲ್ಲಿ ಅದರ ಒಂದು ಸಾಲೂ ಇಲ್ಲ.

ಇನ್ನು ಸಾರ್ವಜನಿಕ ದಾಖಲೆಗಳ ಮಾತಿಗೆ ಬರುತ್ತೇನೆ, ಏಕೆಂದರೆ ಓದುಗರಿಗೆ ನಿಜವಾಗಿ ಉಪಯೋಗವಾಗುವುದು ಇದು. ಐರ್ಲೆಂಡಿನ ದಾಖಲೆಗಳಿಗೆ ಒಂದು ದೊಡ್ಡ ಅನಾಹುತ ಆಗಿದೆ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆಗಳ ಭಂಡಾರ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿ 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳಲ್ಲಿ ಬಹುಪಾಲು ಸುಟ್ಟುಹೋದವು. ಅನಂತರದ ನಾಲ್ಕು ಜನಗಣತಿಗಳ ಹಾಳೆಗಳನ್ನು ಸರಕಾರವೇ ಅದಕ್ಕೂ ಮೊದಲು ನಾಶಮಾಡಿತ್ತು. ಹೀಗಾಗಿ ಪೂರ್ತಿಯಾಗಿ ಉಳಿದ ಮೊದಲ ಜನಗಣತಿಗಳು 1901 ಮತ್ತು 1911ರವು. ಇವೆರಡನ್ನೂ ಅಲ್ಲಿನ ನ್ಯಾಷನಲ್ ಆರ್ಕೈವ್ಸ್ ಮೂಲ ಹಾಳೆಗಳ ಚಿತ್ರಸಹಿತ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಖಾತೆ ತೆರೆಯುವ ಅಗತ್ಯವಿಲ್ಲ, ಹಣ ಕೇಳುವುದಿಲ್ಲ. ಬದಿಯಡ್ಕದ ನಮ್ಮ ಸಾಧಾರಣ ಇಂಟರ್‌ನೆಟ್‌ನಲ್ಲೂ ಹಾಳೆಗಳು ತಡವಿಲ್ಲದೆ ತೆರೆದುಕೊಂಡವು.

ಹುಡುಕಲು ಟೌನ್‌ಲ್ಯಾಂಡ್‌ನ ಹೆಸರು ಗೊತ್ತಿರಬೇಕು. ಟೌನ್‌ಲ್ಯಾಂಡ್ ಎಂದರೆ ಪೇಟೆಯಲ್ಲ, ನಮ್ಮ ಬೈಲಿನಷ್ಟು ದೊಡ್ಡ ಭೂಭಾಗ. ಅಂಥವು ಆ ದ್ವೀಪದಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚಿವೆ. ಅಳಿಯ ತನ್ನ ತಂದೆಯನ್ನು ಕೇಳಿ ಹೆಸರು ತಿಳಿಸಿದ. ಆದರೂ ಮೊದಲ ದಿನ ಏನೂ ಸಿಗಲಿಲ್ಲ, ಏಕೆಂದರೆ ನಾನು ‘ಓ’ ಸೇರಿಸಿ ಹುಡುಕುತ್ತಿದ್ದೆ. ‘ಓ’ ತೆಗೆದು ಬರಿಯ ಸಲಿವನ್ ಎಂದು ಕೊಟ್ಟ ತಕ್ಷಣ ಆ ಮನೆ ಬಂತು: 1911ರ ಏಪ್ರಿಲ್ 2ರ ರಾತ್ರಿ ಆ ಮಾಡಿನ ಅಡಿಯಲ್ಲಿ ಮಲಗಿದ್ದ ಅಷ್ಟೂ ಜನರ ಹೆಸರು, ವಯಸ್ಸು, ಕಸುಬು, ಓದುಬರಹ, ಆಡುವ ಭಾಷೆ. ಅಳಿಯನ ಮುತ್ತಜ್ಜಿಗೆ ಮದುವೆಯಾಗಿ ಹದಿನೆಂಟು ವರ್ಷ, ಹುಟ್ಟಿದ ಮಕ್ಕಳು ಏಳು, ಬದುಕಿರುವವರು ಐದು. ಈ ಪ್ರಶ್ನೆಯನ್ನು ಆ ವರ್ಷದ ಫಾರಂನಲ್ಲಿ ಮದುವೆಯಾದ ಪ್ರತಿ ಹೆಂಗಸಿಗೂ ಕೇಳಿದ್ದರು. ಭಾಷೆಯ ಅಂಕಣದಲ್ಲಿ ದೊಡ್ಡವರಿಗೆ ‘ಐರಿಷ್ ಮತ್ತು ಇಂಗ್ಲಿಷ್’ ಎಂದಿದೆ, ಕಿರಿಯ ಮಕ್ಕಳ ಎದುರು ಆ ಅಂಕಣ ಖಾಲಿ ಇದೆ. ಮನೆಯ ವಿವರದ ಇನ್ನೊಂದು ಹಾಳೆಯಲ್ಲಿ ಕಲ್ಲಿನ ಗೋಡೆ, ಹುಲ್ಲಿನ ಮಾಡು, ಮುಂಭಾಗದಲ್ಲಿ ಮೂರು ಕಿಟಕಿ. ಮುಳಿಹುಲ್ಲಿನ ಮಾಡಿನ ಅಡಿಯಲ್ಲಿ ಹುಟ್ಟಿದ ನಾನು ಆ ಹಾಳೆಯನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ. ಏಳು ಸಾವಿರದ ಪಟ ಕೊಡದ್ದನ್ನು ಈ ಎರಡು ಹಾಳೆಗಳು ಕೊಟ್ಟವು.

‘ಓ’ ಎಲ್ಲಿಗೆ ಹೋಗಿತ್ತು ಎಂಬ ಪ್ರಶ್ನೆಗೆ ಉತ್ತರ ದೀರ್ಘವಾದದ್ದು. 1465ರಲ್ಲಿಯೇ ಡಬ್ಲಿನ್ ಸುತ್ತಿನ ಇಂಗ್ಲಿಷ್ ಆಡಳಿತದ ಸೀಮೆಗಳಲ್ಲಿ ಐರಿಷ್ ಜನ ಇಂಗ್ಲಿಷ್ ಬಗೆಯ ಕುಲನಾಮವನ್ನು, ಒಂದು ಊರಿನದೋ ಬಣ್ಣದ್ದೋ ಕಸುಬಿನದೋ, ಇಟ್ಟುಕೊಳ್ಳಬೇಕೆಂಬ ಕಾನೂನು ಬಂದಿತ್ತು. ಮುಂದಿನ ಶತಮಾನಗಳಲ್ಲಿ ಐರಿಷ್ ಪ್ರಭುತ್ವ ಮುರಿದು, ದಾಖಲೆಗಳ ಭಾಷೆ ಇಂಗ್ಲಿಷ್ ಆದಂತೆ, ಗುಮಾಸ್ತರು ಕಿವಿಗೆ ಬಿದ್ದಂತೆ ಹೆಸರು ಬರೆದರು. ಜನರೂ ‘ಓ’, ‘ಮ್ಯಾಕ್’ಗಳನ್ನು ಕಳಚಿಟ್ಟರು. ಕೆಲವು ಹೆಸರುಗಳನ್ನು ಅನುವಾದವನ್ನೇ ಮಾಡಿಬಿಟ್ಟರು. ಕಮ್ಮಾರನ ಮಗ ಎಂಬರ್ಥದ ‘ಮ್ಯಾಕ್ ಅನ್ ಗೌವನ್’ ಕ್ಯಾವನ್ ಸೀಮೆಯಲ್ಲಿ ಸ್ಮಿತ್ ಆಯಿತು. 1893ರಲ್ಲಿ ಐರಿಷ್ ಭಾಷೆಯನ್ನು ಉಳಿಸುವ ಸಂಘಟನೆಯಾದ ಗೇಲಿಕ್ ಲೀಗ್ ಹುಟ್ಟಿ ಭಾಷೆಯ ಅಭಿಮಾನ ಮರಳಿದ ಮೇಲೆ ಬಹಳಷ್ಟು ಮನೆಗಳು ‘ಓ’ವನ್ನು ಮತ್ತೆ ಸೇರಿಸಿಕೊಂಡವು, ನಮ್ಮ ಬೀಗರ ಮನೆಯೂ ಅವುಗಳಲ್ಲಿ ಒಂದು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಮೊದಲಿನ ನಮ್ಮ ಮನೆಯ ಆಧಾರಪತ್ರ ಕನ್ನಡದಲ್ಲಿದೆ, ನಂತರದ್ದು ಮಲಯಾಳದಲ್ಲಿದೆ. ಮಂಜೇಶ್ವರ ‘ಮಂಜೇಶ್ವರಂ’ ಆಗಿ, ಕುಂಬಳೆ ‘ಕುಂಬಳ’ವಾಗಿ ಕಚೇರಿಯ ಕಾಗದದಲ್ಲಿ ಬರುವುದನ್ನು ದಿನವೂ ನೋಡುವ ನಮಗೆ, ಹೆಸರಿನ ಒಂದು ಅಕ್ಷರ ಹೋದರೆ ಏನು ಹೋಗುತ್ತದೆ ಎಂಬುದನ್ನು ಬೇರೆಯವರು ತಿಳಿಸಿಕೊಡಬೇಕಾಗಿಲ್ಲ. ಪಟದಲ್ಲಿ ಇದೆಲ್ಲದಕ್ಕೂ ಸಿಕ್ಕಿರುವುದು ‘ಕಾಲಕ್ರಮದಲ್ಲಿ ಕಾಗುಣಿತ ಬದಲಾಯಿತು’ ಎಂಬ ಒಂದು ವಾಕ್ಯ.

1911ಕ್ಕಿಂತ ಹಿಂದಕ್ಕೆ ಹೋಗಲು ಇನ್ನೂ ಮೂರು ಉಚಿತ ದಾರಿಗಳಿವೆ. 1864ರಿಂದ ಎಲ್ಲ ಧರ್ಮದವರ ಜನನ, ಮರಣ, ವಿವಾಹಗಳ ನೋಂದಣಿ ಕಡ್ಡಾಯವಾಯಿತು. ಆ ದಾಖಲೆಗಳು ಐರಿಷ್ ಜೀನಿಯಾಲಜಿ ಎಂಬ ಸರಕಾರಿ ಜಾಲತಾಣದಲ್ಲಿವೆ, ನೂರು ವರ್ಷ ದಾಟಿದ ಜನನಗಳನ್ನು ಅಲ್ಲಿ ನೋಡಬಹುದು. 1847ರಿಂದ 1864ರವರೆಗೆ ರಿಚರ್ಡ್ ಗ್ರಿಫಿತ್ ನಡೆಸಿದ ಭೂಮಿ ಮತ್ತು ಕಟ್ಟಡಗಳ ಮೌಲ್ಯಮಾಪನದಲ್ಲಿ ಯಾವ ಗೇಣಿದಾರ ಯಾವ ಧನಿಯ ಎಷ್ಟು ನೆಲವನ್ನು ಹಿಡಿದಿದ್ದ ಎಂಬುದು ನಕ್ಷೆಯೊಂದಿಗೆ ಸಿಗುತ್ತದೆ. ಗೇಣಿಯ ಕಷ್ಟವನ್ನು ಕಂಡ ಮನೆಗಳಿಂದ ಬಂದವರಿಗೆ ಅದನ್ನು ಓದುವುದು ಕಷ್ಟವಾಗದು. ಮೂರನೆಯದು ಕೆಥೋಲಿಕ್ ಇಗರ್ಜಿಗಳ ದಾಖಲೆ ಪುಸ್ತಕಗಳು. 2015ರಲ್ಲಿ ನ್ಯಾಷನಲ್ ಲೈಬ್ರರಿ ಇವುಗಳ ಚಿತ್ರಗಳನ್ನು ತೆರೆದಿಟ್ಟಿತು, ಆದರೆ ಅಲ್ಲಿ ಹೆಸರು ಕೊಟ್ಟು ಹುಡುಕುವ ಅನುಕೂಲವಿಲ್ಲ, ಪುಟ ಪುಟವನ್ನೂ ಓದಬೇಕು. ಬೇರ ಭಾಗದ ಇಗರ್ಜಿಗಳು ಕೆರಿ ಧರ್ಮಪ್ರಾಂತಕ್ಕೆ ಸೇರಿದವುಗಳಾದ್ದರಿಂದ ಅವನ್ನು ಐರಿಷ್ ಜೀನಿಯಾಲಜಿಯಲ್ಲಿ ಹೆಸರಿನಿಂದಲೇ ಹುಡುಕಬಹುದು, ಅದು ನಮ್ಮ ಅದೃಷ್ಟ. ಒಂದು ಎಚ್ಚರ ಬೇಕು: ಮನೆಯಲ್ಲಿ ಡೀರ್ಮಿಡ್ ಎಂದು ಕರೆಯುತ್ತಿದ್ದವನು ಕಾಗದದಲ್ಲಿ ಜೆರಮಾಯ ಆಗಿರುತ್ತಾನೆ, ಕೊನಹೂರ್ ಎಂಬವನು ಕಾರ್ನೀಲಿಯಸ್ ಆಗಿರುತ್ತಾನೆ. ಈ ಎರಡು ಜೋಡಿಗಳನ್ನು ಅಳಿಯ ಹೇಳಿಕೊಡುವ ತನಕ ನಾನು ಒಂದು ವಾರ ತಪ್ಪು ಮನೆಯ ಬೆನ್ನುಹತ್ತಿದ್ದೆ. ಈ ತಾಣಗಳ ನಿಜವಾದ ಕುಂದು ಇದೊಂದೇ, ಹೊಸಬರಿಗೆ ಕೈಹಿಡಿದು ನಡೆಸುವ ವಿವರಣೆ ಸಾಲದು.

ಪಟದ ವಿಷಯದಲ್ಲಿ ನನ್ನ ತೀರ್ಮಾನ ಗಟ್ಟಿಯಾದದ್ದು ಬೀಗಿತ್ತಿಯವರ ಮಾತಿನಿಂದ. ಅವರ ತವರಿನ ಕುಲನಾಮ ಹ್ಯಾರಿಂಗ್ಟನ್. ಅವರಿಗೂ ಒಂದು ಪಟ ತರಿಸೋಣವೆಂದು ಅದೇ ಅಂಗಡಿಯ ಮಾದರಿಯನ್ನು ತೆರೆದು ತೋರಿಸಿದೆ. ಉತ್ತರ ಇಂಗ್ಲೆಂಡಿನ ಹ್ಯಾರಿಂಗ್ಟನ್ ಎಂಬ ಊರು, ಅಲ್ಲಿನ ಕುಲೀನ ಕುಟುಂಬ, ಅವರ ಲಾಂಛನ ಎಲ್ಲವೂ ಅದರಲ್ಲಿತ್ತು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ‘ಇವರು ಯಾರೋ ಬೇರೆ ಜನ’ ಎಂದರು. ಬೇರದ ಹ್ಯಾರಿಂಗ್ಟನ್ನರು ಇಂಗ್ಲೆಂಡಿನಿಂದ ಬಂದವರಲ್ಲ. ‘ಓ ಹುರ್ಡಲ್’ ಎಂಬ ಅಪ್ಪಟ ಐರಿಷ್ ಹೆಸರನ್ನು ಇಂಗ್ಲಿಷ್ ಕಾಗದಗಳಲ್ಲಿ, ದೂರದ ಸಾದೃಶ್ಯವನ್ನು ಹಿಡಿದು, ಹ್ಯಾರಿಂಗ್ಟನ್ ಎಂದು ಬರೆದರು, ಅದೇ ಉಳಿಯಿತು. ಕ್ಯಾಸಲ್‌ಟೌನ್‌ಬೇರ್ ಸುತ್ತಲಿನ ಮೀನುಗಾರ ಮನೆಯೊಂದಕ್ಕೆ ಆ ಅಂಗಡಿ ಇಂಗ್ಲೆಂಡಿನ ಕುಲೀನರ ಚರಿತ್ರೆಯನ್ನು ಚೌಕಟ್ಟು ಹಾಕಿ ಕಳುಹಿಸುತ್ತಿತ್ತು.

ಎರಡನೆಯ ಪಟವನ್ನು ನಾನು ತರಿಸಲಿಲ್ಲ. 1911ರ ಹ್ಯಾರಿಂಗ್ಟನ್ ಮನೆಯ ಹಾಳೆಯನ್ನು ಇಳಿಸಿಕೊಂಡು, ಕಾಸರಗೋಡು ಪೇಟೆಯ ಸ್ಟುಡಿಯೋದಲ್ಲಿ ದೊಡ್ಡದಾಗಿ ಮುದ್ರಿಸಿ, ಹಲಸಿನ ಮರದ ಚೌಕಟ್ಟು ಹಾಕಿಸಿದೆ, ಒಟ್ಟು ಆರುನೂರ ಐವತ್ತು ರೂಪಾಯಿ ಆಯಿತು. ಮನೆಯ ಯಜಮಾನನ ಸಹಿಯ ಜಾಗದಲ್ಲಿ ಒಂದು ಗುಣಿಸು ಗುರುತಿದೆ, ಪಕ್ಕದಲ್ಲಿ ಬರೆಯಬಲ್ಲ ಇನ್ನೊಬ್ಬರ ಕೈಬರಹವಿದೆ. ಆ ಗುರುತು ಹಾಕಿದವರು ತಮ್ಮ ಅಜ್ಜನೆಂದು ಬೀಗಿತ್ತಿ ಹೇಳಿದರು.